ಹಾಲಿನ ಅರಿವು ಹಾಲು ಕರೆಯುವವರಿಂದಲೇ ಹಬ್ಬಲಿ: ಒಂದು ಮನವಿ

ಸ್ಥಳ: ಶ್ರೀನಿವಾಸಪುರ, ಕೋಲಾರ ಜಿಲ್ಲೆ
ದಿನಾಂಕ: 26 ನವೆಂಬರ್ 2025

ಗೆ,
ಮಾನ್ಯ ಅಧ್ಯಕ್ಷರು ಮತ್ತು ಆಡಳಿತ ಮಂಡಳಿಯ ಸದಸ್ಯರು,
ಕರ್ನಾಟಕ ಸಹಕಾರ ಹಾಲು ಉತ್ಪಾದಕರ ಮಹಾಮಂಡಳ,
ಬೆಂಗಳೂರು.

ಇಂದ,
ಶ್ರೀನಿವಾಸಪುರ ತಾಲ್ಲೂಕಿನ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರು ಮತ್ತು ಮಹಿಳಾ ಸಂಘಗಳ ಸದಸ್ಯೆಯರು.

ವಿಷಯ: ಗ್ರಾಮಮಟ್ಟದಲ್ಲಿ ಹಾಲು ಉತ್ಪಾದಕರೇ ನಡೆಸುತ್ತಿರುವ ಹಾಲಿನ ಪ್ರಚಾರ ಮತ್ತು ತಿಳಿವಳಿಕೆ ಕಾರ್ಯಕ್ಕೆ ಮಾನ್ಯತೆ, ಮಾಹಿತಿ ಹಾಗೂ ಹಣಕಾಸಿನ ನೆರವು ಕೋರಿ.

ಮಾನ್ಯರೇ,

ಇಂದು ಡಾ. ವರ್ಗೀಸ್ ಕುರಿಯನ್ ಅವರ ಜನ್ಮದಿನ. 2014ರಿಂದ ದೇಶ ಇದನ್ನು ರಾಷ್ಟ್ರೀಯ ಹಾಲು ದಿನವಾಗಿ ಆಚರಿಸುತ್ತಿದೆ. ಈ ದಿನ ನಾವು ತಮ್ಮ ಮುಂದೆ ಬಂದಿರುವುದು ಹಾಲಿನ ದರ ಕೇಳಲು ಅಲ್ಲ, ಪ್ರೋತ್ಸಾಹಧನ ಕೇಳಲೂ ಅಲ್ಲ. ಅವುಗಳಿಗೆ ಬೇರೆ ಮನವಿಗಳಿವೆ. ನಾವು ಕರೆದ ಹಾಲಿನ ಬಗ್ಗೆ ನಮ್ಮೂರಿನವರಿಗೆ, ಶಾಲೆಯ ಮಕ್ಕಳಿಗೆ, ಪೇಟೆಯ ಗ್ರಾಹಕರಿಗೆ ತಿಳಿಹೇಳುವ ಕೆಲಸವನ್ನು ಇಷ್ಟು ದಿನ ನಾವೇ ಕೈಯಿಂದ ಖರ್ಚು ಹಾಕಿಕೊಂಡು ನಡೆಸಿದ್ದೇವೆ. ಆ ಕೆಲಸಕ್ಕೆ ಮಹಾಮಂಡಳದ ಮಾನ್ಯತೆ ಬೇಕು, ಸ್ವಲ್ಪ ಹಣ ಬೇಕು, ಹಣಕ್ಕಿಂತ ಮುಖ್ಯವಾಗಿ ಸರಿಯಾದ ಮಾಹಿತಿ ಬೇಕು.

ಈ ವರ್ಷ ಏಪ್ರಿಲ್ 1ರಿಂದ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿದಾಗ ಪೇಟೆಯಲ್ಲಿ ಸಿಕ್ಕಿದವರೆಲ್ಲ ನಮ್ಮನ್ನೇ ನಿಲ್ಲಿಸಿ ಕೇಳಿದರು: "ಯಾಕಣ್ಣಾ, ಒಂದೇ ಸಲಕ್ಕೆ ನಾಲ್ಕು ರೂಪಾಯಿ ಏರಿಸಿಬಿಟ್ಟಿರಿ?" ಬೆಲೆ ನಿಗದಿ ಮಾಡುವವರು ನಾವಲ್ಲ ಎಂದು ನುಣುಚಿಕೊಳ್ಳಬಹುದಿತ್ತು. ಆದರೆ ಬೂಸಾ, ಹಿಂಡಿ, ಫೀಡ್ಸ್ ಚೀಲದ ಬೆಲೆ, ಬತ್ತಿದ ಬೋರ್‌ವೆಲ್, ಗಬ್ಬ ಕಟ್ಟದ ಹಸುವನ್ನು ತಿಂಗಳುಗಟ್ಟಲೆ ಸಾಕುವ ಖರ್ಚು, ಇವನ್ನೆಲ್ಲ ಬಿಡಿಸಿ ಹೇಳಿದಾಗ ಕೇಳಿದವರ ದನಿ ಮೆತ್ತಗಾಯಿತು. ಹಾಲಿನ ಪರವಾಗಿ ಮಾತಾಡುವ ಹೊಣೆ ನಮ್ಮ ಮೇಲೆ ತಾನಾಗಿಯೇ ಬಿದ್ದಿದೆ. ಅದನ್ನು ಚೆನ್ನಾಗಿ ಹೊರಬೇಕೆಂಬುದು ನಮ್ಮ ಆಸೆ.

ನಮ್ಮದು ಜೀವನದಿ ಇಲ್ಲದ ಜಿಲ್ಲೆ. ರೇಷ್ಮೆ ಮತ್ತು ಹಾಲು ಇಲ್ಲದಿದ್ದರೆ ಇಲ್ಲಿನ ಅರ್ಧ ಮನೆಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟು ಹೋಗಿರುತ್ತಿದ್ದವು. ಶ್ರೀನಿವಾಸಪುರ ಮಾವಿಗೆ ಹೆಸರಾದ ಊರು. ಈ ಬೇಸಿಗೆಯಲ್ಲಿ ತೋತಾಪುರಿಯ ಬೆಲೆ ನೆಲಕಚ್ಚಿದಾಗ ಮಕ್ಕಳ ಶಾಲೆಯ ಶುಲ್ಕ ಕಟ್ಟಿದ್ದು ಹಾಲಿನ ಬಟವಾಡೆಯಿಂದ. ಸೀಮೆಹಸುವನ್ನು ಈ ಜಿಲ್ಲೆಗೆ ತಂದ ಎಂ.ವಿ. ಕೃಷ್ಣಪ್ಪನವರ ಹೆಸರನ್ನು ನಮ್ಮ ಹಿರಿಯರು ಇಂದಿಗೂ ಹಸುವಿನ ಮಾತು ಬಂದಾಗಲೆಲ್ಲ ನೆನೆಯುತ್ತಾರೆ. ಇಂಥ ನೆಲದಲ್ಲಿ ಹಾಲಿನ ಮೇಲಿನ ನಂಬಿಕೆಗೆ ಪೆಟ್ಟು ಬಿದ್ದರೆ ಮೊದಲು ಏಟು ತಿನ್ನುವುದು ಕೊಟ್ಟಿಗೆ.

ಕೆಲವು ವರ್ಷಗಳಿಂದ ಜೂನ್ 1ರ ವಿಶ್ವ ಹಾಲು ದಿನದಂದು ನಾವು ಬಸ್ ನಿಲ್ದಾಣದ ಬಳಿ ಹಾಲು ಕಾಯಿಸಿ ಹಂಚುತ್ತೇವೆ. ಶ್ರೀರಾಮನವಮಿಗೆ ಪಾನಕದ ಪಕ್ಕದಲ್ಲಿ ನಮ್ಮದೊಂದು ಮಜ್ಜಿಗೆಯ ಹಂಡೆ ಇರುತ್ತದೆ. ಇವು ಸುಲಭದ ಕೆಲಸಗಳು. ನಮಗೆ ಹೆಚ್ಚು ಕಲಿಸಿದ್ದು ಶಾಲೆಗಳಲ್ಲಿ ನಡೆಸಿದ ಹಾಲು ಪರೀಕ್ಷೆ.

ಸಂಘದ ಟೆಸ್ಟರ್ ಲ್ಯಾಕ್ಟೋಮೀಟರ್ ತೆಗೆದುಕೊಂಡು ಹೋಗುತ್ತಾರೆ. ಮಕ್ಕಳ ಎದುರಿಗೇ ಒಂದು ಜಾಡಿಯ ಹಾಲಿಗೆ ನೀರು ಬೆರೆಸುತ್ತಾರೆ. ಮುಳುಗು ಕಡ್ಡಿ ಕೆಳಗಿಳಿಯುತ್ತದೆ, ಡಿಗ್ರಿ ಬೀಳುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಇನ್ನೊಂದು ಜಾಡಿಯಲ್ಲಿ ಕೆನೆ ತೆಗೆದ ಹಾಲನ್ನಿಟ್ಟು ಅದಕ್ಕೂ ನೀರು ಸೇರಿಸುತ್ತಾರೆ. ಡಿಗ್ರಿ ಸರಿಯಾಗಿಯೇ ತೋರಿಸುತ್ತದೆ! ಜಿಡ್ಡು ನೀರಿಗಿಂತ ಹಗುರ, ಅದನ್ನು ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ, ನೀರು ಸೇರಿಸಿದರೆ ಮತ್ತೆ ಇಳಿದು ಮೊದಲಿನಂತೆ ಕಾಣುತ್ತದೆ. ಹಾಗಾಗಿ ಬರೀ ಲ್ಯಾಕ್ಟೋಮೀಟರ್ ನಂಬುವಂತಿಲ್ಲ, ಫ್ಯಾಟ್ ಕೂಡ ನೋಡಲೇಬೇಕು. ಎಂಟನೇ ತರಗತಿಯ ವಿಜ್ಞಾನದ ಪಾಠ ಅಲ್ಲೇ ಮುಗಿಯುತ್ತದೆ ಎಂದು ಮೇಷ್ಟ್ರೊಬ್ಬರು ಹೇಳಿದರು. ಹೋದ ಸಲ ಒಬ್ಬಳು ಹುಡುಗಿ ಎದ್ದು ನಿಂತು, "ಕರುವಿಗೆ ಎಷ್ಟು ಹಾಲು ಬಿಡ್ತೀರಿ?" ಎಂದು ಕೇಳಿದಳು. ನಾವು ಆ ಪ್ರಶ್ನೆಗೆ ಸಿದ್ಧರಾಗಿರಲಿಲ್ಲ. ಕರು ಹುಟ್ಟಿದ ಮೊದಲ ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು, ಎಳೆಗರುವಿಗೆ ಅದರ ತೂಕದ ಸುಮಾರು ಹತ್ತನೇ ಒಂದು ಭಾಗದಷ್ಟು ಹಾಲು ದಿನಕ್ಕೆ ಬೇಕು ಎಂದು ಉತ್ತರ ಹೇಳಿದೆವು. ಆದರೆ ಹಾಗೆ ಹೇಳುವಾಗ ನಮ್ಮಲ್ಲಿ ಕೆಲವರು ತಲೆ ತಗ್ಗಿಸಿದ್ದು ನಿಜ. ಆ ದಿನದಿಂದ ಕೆಲವು ಕೊಟ್ಟಿಗೆಗಳಲ್ಲಿ ಕರುವಿನ ಪಾಲು ಹೆಚ್ಚಿದೆ. ಬೇರೆಯವರಿಗೆ ತಿಳಿಹೇಳಲು ಹೊರಟವನು ಮೊದಲು ತಾನು ತಿದ್ದಿಕೊಳ್ಳಬೇಕಾಗುತ್ತದೆ.

ನಮ್ಮ ಮೊದಲ ಬೇಡಿಕೆಯೂ ಇಲ್ಲಿಂದಲೇ ಹುಟ್ಟಿದೆ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ಸಂಗ್ರಹಿಸಿ ಪರೀಕ್ಷೆ ಮಾಡಿಸಿತು. ಜನರ ಆರೋಗ್ಯಕ್ಕೆ ಅಪಾಯವಾಗುವಂಥ ಕಲಬೆರಕೆ ಕಂಡದ್ದು 12 ಮಾದರಿಗಳಲ್ಲಿ ಮಾತ್ರ. ಊರೂರಿಗೆ ಹೋಗಿ ಹೇಳಬೇಕಾದ ಸಂಗತಿ ಇದು; ಮೊಬೈಲಿನಲ್ಲಿ ಹರಿದಾಡುವ ಯೂರಿಯಾ ಹಾಲಿನ ವಿಡಿಯೊ ನೋಡಿ ಮಕ್ಕಳಿಗೆ ಹಾಲು ನಿಲ್ಲಿಸಿದ ತಾಯಂದಿರನ್ನು ನಾವು ಕಂಡಿದ್ದೇವೆ. ಆದರೆ ಅದೇ ವರದಿಯ ಇನ್ನೊಂದು ಭಾಗವನ್ನು ಮುಚ್ಚಿಟ್ಟು ಪ್ರಚಾರ ಮಾಡಲು ನಮಗೆ ಮನಸ್ಸಿಲ್ಲ. 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷಾಂಶ ಮಿತಿ ಮೀರಿತ್ತು, 77ರಲ್ಲಿ ಆಂಟಿಬಯೋಟಿಕ್ ಅಂಶ ಮಿತಿಗಿಂತ ಹೆಚ್ಚಿತ್ತು. ಇವೆರಡನ್ನೂ ಯಾವ ದಲ್ಲಾಳಿಯೂ ತಂದು ಬೆರೆಸಿದ್ದಲ್ಲ. ಮೊದಲನೆಯದು ಬೂಷ್ಟು ಹಿಡಿದ ಹಿಂಡಿ, ಮೆಕ್ಕೆಜೋಳ, ಮಳೆಗೆ ನೆನೆದ ಮೇವಿನಿಂದ ಹಸುವಿನ ಹೊಟ್ಟೆಗೆ ಹೋಗಿ ಹಾಲಿಗೆ ಬರುತ್ತದೆ. ಹಾಲು ಎಷ್ಟು ಕಾಯಿಸಿದರೂ ಅದು ಹೋಗುವುದಿಲ್ಲ. ಎರಡನೆಯದು ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಡಿಸಿ, ಔಷಧಿಯ ಚೀಟಿಯಲ್ಲಿ ಹೇಳಿದಷ್ಟು ದಿನ ಕಾಯದೆ ಡೇರಿಗೆ ಹಾಲು ಹಾಕಿದ್ದರಿಂದ ಬರುವಂಥದ್ದು. ಎರಡರ ಬಾಗಿಲೂ ನಮ್ಮ ಕೊಟ್ಟಿಗೆಯಲ್ಲೇ ಇದೆ.

ಆದ್ದರಿಂದ, ಒಕ್ಕೂಟಗಳಲ್ಲಿ ನಡೆಯುವ ಅಫ್ಲಾಟಾಕ್ಸಿನ್ ಮತ್ತು ಆಂಟಿಬಯೋಟಿಕ್ ಪರೀಕ್ಷೆಗಳ ಫಲಿತಾಂಶವನ್ನು ಸಂಘವಾರು ನಮಗೆ ತಿಳಿಸಬೇಕು, ಡೇರಿಯ ಗೋಡೆಯ ಮೇಲೆ ಅಂಟಿಸಲು ಬರುವಂತೆ ಸರಳ ಕನ್ನಡದಲ್ಲಿ ಕೊಡಬೇಕು. ಹಿಂಡಿ ಮತ್ತು ಮೇವನ್ನು ಪರೀಕ್ಷೆಗೆ ಕಳಿಸಲು ತಾಲ್ಲೂಕು ಮಟ್ಟದಲ್ಲಿ ಒಂದು ವ್ಯವಸ್ಥೆ ಆಗಬೇಕು. ಕೆಚ್ಚಲು ಬಾವಿನ ಚಿಕಿತ್ಸೆ ನಡೆಯುವ ದಿನಗಳಲ್ಲಿ ಹಾಲು ಚೆಲ್ಲುವ ಕುಟುಂಬಕ್ಕೆ, ಪಶುವೈದ್ಯರ ಚೀಟಿಯ ಆಧಾರದ ಮೇಲೆ, ಸ್ವಲ್ಪವಾದರೂ ಪರಿಹಾರ ಸಿಗಬೇಕು. ಒಂದೇ ಹಸು ಇರುವ ಮನೆಗೆ ನಾಲ್ಕು ದಿನದ ಹಾಲು ಚೆಲ್ಲು ಎಂದು ಬರೀ ಉಪದೇಶ ಮಾಡಿದರೆ ಯಾರೂ ಚೆಲ್ಲುವುದಿಲ್ಲ. ಇದನ್ನು ನಾವು ನಾಚಿಕೆಯಿಂದಲ್ಲ, ಅನುಭವದಿಂದ ಹೇಳುತ್ತಿದ್ದೇವೆ. ಈ ಇಡೀ ಮನವಿಯಲ್ಲಿ ಒಂದೇ ಬೇಡಿಕೆ ಈಡೇರುವುದಾದರೆ ಇದೇ ಈಡೇರಲಿ.

ಇನ್ನು ಹಣದ ವಿಷಯ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ಮಹಾಮಂಡಳದ ನಂದಿನಿ ಬ್ರ್ಯಾಂಡ್‌ನ ಹೆಸರು ಕಂಡಾಗ ನಮ್ಮ ಹುಡುಗರು ಕುಣಿದಾಡಿದರು, ನಮಗೂ ಹೆಮ್ಮೆ. ಡಾ. ರಾಜಕುಮಾರ್ ಅವರು ಸಂಭಾವನೆ ಪಡೆಯದೆ ನಂದಿನಿಗಾಗಿ ಕ್ಯಾಮೆರಾ ಮುಂದೆ ನಿಂತದ್ದನ್ನು, ಅವರ ಮಗ ಪುನೀತ್ ಅದೇ ದಾರಿಯಲ್ಲಿ ನಡೆದದ್ದನ್ನು ನಾಡು ಮರೆತಿಲ್ಲ. ಬ್ರ್ಯಾಂಡ್ ಬೆಳೆಸುವ ಈ ಕೆಲಸ ನಡೆಯಬೇಕು. ನಾವು ಕೇಳುವುದು ಅದರ ಪಕ್ಕದಲ್ಲಿ ಒಂದು ಸಣ್ಣ ಪಾಲು: ಹಾಲಿನ ತಿಳಿವಳಿಕೆ ಕಾರ್ಯಕ್ರಮ ನಡೆಸುವ ಪ್ರತಿ ಸಂಘಕ್ಕೆ ವರ್ಷಕ್ಕೆ ಕನಿಷ್ಠ 10,000 ರೂಪಾಯಿ ಪ್ರಚಾರದ ಬಾಬ್ತಿನಿಂದ ಸಿಗಲಿ. ಜೊತೆಗೆ, ಸಂಘಗಳು ತಮ್ಮ ಲಾಭದಲ್ಲಿ ಸ್ವಲ್ಪ ಹಣವನ್ನು ಈ ಕೆಲಸಕ್ಕೆ ಬಳಸಬಹುದೆಂದು ಸ್ಪಷ್ಟವಾದ ಸುತ್ತೋಲೆ ಹೊರಡಲಿ. ಈಗ ಶಾಲೆಗೆ ಎರಡು ಕ್ಯಾನು ಹಾಲು ಕೊಟ್ಟರೂ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪ ಬಂದೀತೆಂಬ ಅಂಜಿಕೆಯಿಂದ ಕಾರ್ಯದರ್ಶಿಗಳು ಹಿಂಜರಿಯುತ್ತಾರೆ; ಕೊನೆಗೆ ಆಡಳಿತ ಮಂಡಳಿಯವರು ಜೇಬಿನಿಂದ ಹಾಕುತ್ತಾರೆ.

2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಸರ್ಕಾರಿ ಶಾಲೆ ಮತ್ತು ಅಂಗನವಾಡಿಯ ಮಕ್ಕಳಿಗೆ 150 ಮಿಲಿ ಹಾಲು ಸಿಗುತ್ತಿದೆ. ಕೆನೆಭರಿತ ಹಾಲಿನ ಪುಡಿಯನ್ನು ಬಿಸಿನೀರಲ್ಲಿ ಕಲಸಿ ಕೊಡುವುದರಿಂದ, ಪಕ್ಕದ ಓಣಿಯಲ್ಲೇ ಹಸು ಇದ್ದರೂ ಆ ಲೋಟದಲ್ಲಿರುವುದು ರೈತರು ಡೇರಿಗೆ ಹಾಕಿದ ಹಾಲೇ ಎಂದು ಮಕ್ಕಳಿಗೆ ತಿಳಿಯದು. ಪುಡಿ ಏಕೆ ಎಂಬುದಕ್ಕೆ ಕಾರಣಗಳಿವೆ: ಕೆಡದೆ ಉಳಿಯುತ್ತದೆ, ದೂರದ ಶಾಲೆಗೂ ಸಾಗಿಸಬಹುದು, ಹಾಲು ಹೆಚ್ಚಾದ ತಿಂಗಳುಗಳಲ್ಲಿ ಪುಡಿ ಮಾಡಿ ಇಡಬಹುದು. ಅದನ್ನು ಮಕ್ಕಳಿಗೆ ಹೇಳುವವರು ಬೇಕು. ಶಿಕ್ಷಣ ಇಲಾಖೆಯೊಂದಿಗೆ ಮಾತಾಡಿ, ವರ್ಷಕ್ಕೆ ಎರಡು ದಿನ ಮಕ್ಕಳು ಬೆಳಗಿನ ಹೊತ್ತು ಹಾಲಿನ ಡೇರಿಗೆ ಬಂದು ಕ್ಯಾನು ತುಂಬುವುದರಿಂದ ಹಿಡಿದು ಹಾಲು ತಣಿಸುವ ಘಟಕದಲ್ಲಿ (ಬಿಎಂಸಿ) ತಣ್ಣಗಾಗುವವರೆಗೆ ನೋಡಲು ಅನುಮತಿ ಕೊಡಿಸಿ. ಮಿಕ್ಕದ್ದು ನಮ್ಮ ಜವಾಬ್ದಾರಿ.

ನಮ್ಮ ಕೈಗೆ ಕೊಡುವ ಕರಪತ್ರಗಳಲ್ಲಿ ಹಾಲಿನ ಬಗ್ಗೆ ಉತ್ಪ್ರೇಕ್ಷೆ ಬೇಡ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಂತಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಬೆಳೆಯುವ ಮಗುವಿಗೆ ಬೇಕೇ ಬೇಕು. ಆದರೆ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ರಕ್ತಹೀನತೆಗೆ ಸೊಪ್ಪು, ಕಾಳು, ಮೊಟ್ಟೆ, ಮಾಂಸ, ಮಾತ್ರೆ ಬೇಕು. ಒಂದು ವರ್ಷ ತುಂಬದ ಕೂಸಿಗೆ ಹಸುವಿನ ಹಾಲು ತಾಯಿಹಾಲಿನ ಬದಲಿಯಲ್ಲ. ಹಾಲು ಜೀರ್ಣವಾಗದವರಿಗೆ ಮೊಸರು, ಮಜ್ಜಿಗೆ ಒಗ್ಗಬಹುದು. ಹಸಿ ಹಾಲು ಕುಡಿಯಬಾರದು. ಹಸು ಕಂದು ಹಾಕುವ ಬ್ರುಸೆಲ್ಲಾ ರೋಗ ಮನುಷ್ಯನಿಗೂ ಅಂಟುತ್ತದೆ. ಇಷ್ಟನ್ನು ಹಾಲು ಮಾರುವವರೇ ಬಾಯಿಬಿಟ್ಟು ಹೇಳಿದರೆ ಉಳಿದ ಮಾತನ್ನೂ ಜನ ನಂಬುತ್ತಾರೆ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಶೇ 3 ಫ್ಯಾಟ್, ಶೇ 8.5 ಎಸ್‌ಎನ್‌ಎಫ್ (ಜಿಡ್ಡೇತರ ಘನಾಂಶ) ಇರುತ್ತದೆ, ತೆಳ್ಳಗೆ ಕಂಡರೆ ನೀರು ಬೆರೆಸಿದ್ದಾರೆ ಎಂದರ್ಥವಲ್ಲ ಎಂಬುದೂ ಆ ಕರಪತ್ರದಲ್ಲಿರಲಿ. ನಮ್ಮ ಗಡಿ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅಲ್ಲಿನ ತಾಯಂದಿರಿಗೆ ತೆಲುಗಿನಲ್ಲಿ ಹೇಳಲೂ ಸಾಮಗ್ರಿ ಬೇಕು.

2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಹಾಲು ಕುಡಿದರೆ ಮನುಷ್ಯರಿಗೂ ಬರುತ್ತದೆ ಎಂಬ ಗಾಳಿಸುದ್ದಿ ಎದ್ದಿತ್ತು. ಅದು ಮನುಷ್ಯರಿಗೆ ಹರಡುವ ರೋಗವಲ್ಲ. ಆದರೆ ಅದನ್ನು ಅಧಿಕೃತವಾಗಿ ಹೇಳುವ ಒಂದು ಹಾಳೆ ನಮ್ಮ ಕೈಯಲ್ಲಿರಲಿಲ್ಲ. ಒಂದು ಕಡೆ ಹಸುಗಳ ಮೈಮೇಲಿನ ಗಾಯಕ್ಕೆ ಬೇವಿನೆಣ್ಣೆ ಹಚ್ಚುತ್ತಾ, ಇನ್ನೊಂದು ಕಡೆ ಗ್ರಾಹಕರಿಗೆ ಸಮಾಧಾನ ಹೇಳುತ್ತಾ ದಿನ ದೂಡಿದೆವು. ಇನ್ನು ಮುಂದೆ ಇಂಥ ಸುದ್ದಿ ಎದ್ದ ಒಂದು ದಿನದೊಳಗೆ ಪಶುವೈದ್ಯರ ಸಹಿಯಿರುವ ವಿವರಣೆ ಪ್ರತಿ ಸಂಘದ ಮೊಬೈಲಿಗೆ ತಲುಪಲಿ.

ಕೊನೆಯದಾಗಿ, ಹಾಲು ಕರೆಯುವ ಕೈಗಳು ಹೆಚ್ಚಾಗಿ ಹೆಂಗಸರವು. ಪಾಸ್‌ಬುಕ್ಕಿನಲ್ಲಿರುವ ಹೆಸರು ಹೆಚ್ಚಾಗಿ ಗಂಡಸರದು. ಅಂಗನವಾಡಿಯಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ ಹಾಲಿನ ಬಗ್ಗೆ ಮಾತಾಡಲು ಅವರಿಗಿಂತ ತಕ್ಕವರಿಲ್ಲ. ಪ್ರತಿ ಸಂಘದಿಂದ ಇಬ್ಬರು ಸದಸ್ಯೆಯರಿಗೆ ತರಬೇತಿ ಕೊಟ್ಟು, ಅವರು ಹೋಗಿ ಮಾತಾಡಿದ ದಿನಕ್ಕೆ ಕೂಲಿ ನಷ್ಟವಾಗದಷ್ಟು ಗೌರವಧನ ಕೊಡಬೇಕೆಂದು ಕೋರುತ್ತೇವೆ.

2026ರ ಜೂನ್ 1ರ ಹಾಲು ದಿನಕ್ಕೆ ಆರು ತಿಂಗಳಿದೆ. ಅಷ್ಟರೊಳಗೆ ಸುತ್ತೋಲೆ, ಕರಪತ್ರ ಮತ್ತು ಮೊದಲ ತರಬೇತಿ ಆಗುವಂತೆ ನಿರ್ಣಯ ಕೈಗೊಳ್ಳಬೇಕೆಂದೂ, ಅದಕ್ಕೂ ಮುನ್ನ ನಮ್ಮ ಪ್ರತಿನಿಧಿಗಳಿಗೆ ಒಮ್ಮೆ ಭೇಟಿಯ ಅವಕಾಶ ಕೊಡಬೇಕೆಂದೂ ವಿನಂತಿಸುತ್ತೇವೆ. ತಮ್ಮಲ್ಲಿ ಯಾರಾದರೂ ಒಬ್ಬರು ಒಂದು ಬೆಳಗ್ಗೆ ಆರು ಗಂಟೆಗೆ ನಮ್ಮ ಡೇರಿಗೆ ಬಂದು, ಹಾಲು ಹಾಕಲು ಸಾಲು ನಿಂತ ಹೆಂಗಸರ ಜೊತೆ ಮಾತಾಡಬೇಕೆಂಬುದು ನಮ್ಮೆಲ್ಲರ ಪ್ರೀತಿಯ ಕರೆ.



ತಮ್ಮ ವಿಶ್ವಾಸಿಗಳು,
ಶ್ರೀನಿವಾಸಪುರ ತಾಲ್ಲೂಕಿನ ಹಾಲು ಉತ್ಪಾದಕರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿಗಳು:
ಮಾನ್ಯ ಪಶುಸಂಗೋಪನಾ ಸಚಿವರು, ವಿಧಾನಸೌಧ, ಬೆಂಗಳೂರು.
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕೋಲಾರ.