ಆಕಾಶದಲ್ಲಿ ನೇರವಾದ ದಾರಿ ಯಾವುದು?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ದೂರ 14,000 ಕಿಲೋಮೀಟರು. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರು. ಪ್ರಯಾಣಕ್ಕೆ ಹಿಡಿಯುವ ಕಾಲವೆಷ್ಟು? ಇಂಥ ಲೆಕ್ಕವನ್ನು ಕೊಟ್ಟರೆ ನಮ್ಮ ವಿದ್ಯಾರ್ಥಿಗಳು ಕ್ಷಣಮಾತ್ರದಲ್ಲಿ ಭಾಗಿಸಿ, ಹದಿನೈದೂವರೆ ಗಂಟೆಯೆಂದು ಉತ್ತರಿಸುತ್ತಾರೆ. ಪೂರ್ಣ ಅಂಕಗಳೂ ದೊರೆಯುತ್ತವೆ. ಭಾಗಾಕಾರದಲ್ಲಿ ದೋಷವಿಲ್ಲ. ಆದರೆ ಭೌತವಿಜ್ಞಾನವು ಆರಂಭವಾಗಬೇಕಾದ ಸ್ಥಳದಲ್ಲಿಯೇ ಪಾಠವು ಮುಗಿದುಹೋಗುತ್ತದೆಂಬುದು ನಮ್ಮ ಆಕ್ಷೇಪ.

ಮೊದಲು ದೂರವನ್ನೇ ವಿಚಾರಿಸೋಣ. ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿಯನ್ನಿಟ್ಟು ಪೂರ್ವಾಭಿಮುಖವಾಗಿ ಗೆರೆ ಎಳೆದರೆ, ಅದು ಬಂಗಾಳ ಕೊಲ್ಲಿಯನ್ನೂ ಥೈಲೆಂಡನ್ನೂ ದಾಟಿ ಪೆಸಿಫಿಕ್ ಸಾಗರದ ಮೇಲೆ ಹಾಯುತ್ತದೆ. ಅದರ ಉದ್ದ 16,000 ಕಿಲೋಮೀಟರಿಗೂ ಹೆಚ್ಚು! ಭೂಗೋಲದ ಮೇಲೆ ನೂಲೊಂದನ್ನು ಬಿಗಿಯಾಗಿ ಹಿಡಿದು ನೋಡಿದರೋ, ದಾರಿಯು ಬೆಂಗಳೂರಿನಿಂದ ಉತ್ತರಕ್ಕೇ ಹೊರಟು, ಕೊಂಚ ಪೂರ್ವಕ್ಕೆ ವಾಲಿ, ಟಿಬೆಟ್ಟನ್ನೂ ಸೈಬೀರಿಯವನ್ನೂ ದಾಟಿ, 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲಿಂದ ಇಳಿಯುತ್ತದೆ. ಇದೇ ಮಹಾವೃತ್ತದ ದಾರಿ; ಆ 14,000 ಕಿಲೋಮೀಟರು ಇದರದು. ಉತ್ತರ ಧ್ರುವದ ನೆತ್ತಿಯ ಮೇಲೆಯೇ ಹೋದರೂ ಹೆಚ್ಚಾಗುವುದು ಸುಮಾರು 400 ಕಿಲೋಮೀಟರು ಮಾತ್ರ. ಎರಡೂ ಊರುಗಳ ಅಕ್ಷಾಂಶಗಳನ್ನು 90ರಿಂದ ಕಳೆದು, ಶೇಷಗಳನ್ನು ಕೂಡಿಸಿ, 111ರಿಂದ ಗುಣಿಸಿದರೆ ವಾಚಕರೇ ಇದನ್ನು ಪರೀಕ್ಷಿಸಬಹುದು.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದದ್ದು ಧ್ರುವಪ್ರದೇಶದ ಮೇಲೆಯೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದ ವಿಮಾನಚಾಲಕರೆಲ್ಲರೂ ಮಹಿಳೆಯರು. 9ನೆಯ ತಾರೀಖಿನ ರಾತ್ರಿ ಹೊರಟ ವಿಮಾನವು 11ರ ನಸುಕಿನಲ್ಲಿ ಇಳಿಯಿತು. ಆದರೂ ಆಕಾಶದಲ್ಲಿ ಕಳೆದುದು ಸುಮಾರು ಹದಿನೇಳು ಗಂಟೆ ಮಾತ್ರ. ಉಳಿದುದು ಎರಡು ನಗರಗಳ ಗಡಿಯಾರಗಳ ನಡುವಣ ಹದಿಮೂರೂವರೆ ಗಂಟೆಗಳ ಅಂತರ.

ಅತಿ ಹ್ರಸ್ವವಾದ ದಾರಿಯನ್ನೇ ವಿಮಾನಗಳು ಹಿಡಿಯಲೂಬೇಕಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡವು ಕುಸಿದರೆ ಚಾಲಕನು ಸುಮಾರು 3,000 ಮೀಟರು ಎತ್ತರಕ್ಕೆ ಬೇಗನೆ ಇಳಿಯಬೇಕಾಗುತ್ತದೆ. ಟಿಬೆಟ್ಟಿನ ನೆಲವೇ ಅದಕ್ಕಿಂತ ಬಹಳ ಮೇಲಿದೆ. ಆದುದರಿಂದ ಆ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ಬಳಸಿ ಹೋಗುತ್ತಾರೆ.

ಇನ್ನು ವೇಗ. ಭೂಮಿ ಪೂರ್ವಕ್ಕೆ ತಿರುಗುತ್ತಿರುವಾಗ ಪಶ್ಚಿಮಕ್ಕೆ ಹಾರುವ ವಿಮಾನ ಬೇಗ ತಲಪಬೇಕಲ್ಲವೆ, ಎಂದು ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. (ಕೇಳದ ತರಗತಿಯ ಬಗ್ಗೆ ನಮಗೆ ಚಿಂತೆ ಹೆಚ್ಚು.) ವಾಯುಮಂಡಲವೂ ಭೂಮಿಯೊಡನೆಯೇ ತಿರುಗುವುದರಿಂದ ಅಂಥ ಲಾಭವಿಲ್ಲ. ಗಂಟೆಗೆ 900 ಕಿಲೋಮೀಟರು ಎಂಬುದು ಸುತ್ತಣ ಗಾಳಿಗೆ ಸಾಪೇಕ್ಷವಾದ ವೇಗ. ಆ ಗಾಳಿಯೋ, ಮಧ್ಯ ಅಕ್ಷಾಂಶಗಳಲ್ಲಿ, ಹತ್ತು ಕಿಲೋಮೀಟರು ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುತ್ತಿರುತ್ತದೆ. ನ್ಯೂಯಾರ್ಕಿನಿಂದ ಲಂಡನ್ನಿಗೆ ಹೋಗುವುದಕ್ಕಿಂತ ಹಿಂದಿರುಗುವುದಕ್ಕೆ ಸುಮಾರು ಒಂದು ಗಂಟೆ ಹೆಚ್ಚು ಹಿಡಿಯುವುದು ಇದರಿಂದಲೇ.

ಪ್ರಕೃತಿಯಷ್ಟೇ ಅಲ್ಲ, ರಾಜಕೀಯವೂ ಈ ಲೆಕ್ಕದಲ್ಲಿ ಕೈಹಾಕುತ್ತದೆ. 2022ರಲ್ಲಿ ರಷ್ಯವು ತನ್ನ ಆಕಾಶವನ್ನು ಫಿನ್ಲೆಂಡಿನ ವಿಮಾನಗಳಿಗೆ ಮುಚ್ಚಿದಾಗ, ಹೆಲ್ಸಿಂಕಿಯಿಂದ ಟೋಕಿಯೋಗೆ ಇದ್ದ ಒಂಬತ್ತೂವರೆ ಗಂಟೆಯ ಪ್ರಯಾಣ ಸುಮಾರು ಹದಿಮೂರು ಗಂಟೆಯದಾಯಿತು.

ಆದುದರಿಂದ ಪ್ರಶ್ನೆಪತ್ರಿಕೆಗಳನ್ನು ರಚಿಸುವವರಲ್ಲಿ ನಮ್ಮದೊಂದು ಬಿನ್ನಹ. ಆ ಹಳೆಯ ಲೆಕ್ಕವಿರಲಿ. ಅದರ ಕೆಳಗೆ, ‘ವಾಸ್ತವವಾಗಿ ಹಿಡಿದ ಕಾಲ ಹದಿನೇಳು ಗಂಟೆಯಾದರೆ ಕಾರಣಗಳೇನಿರಬಹುದು?’ ಎಂಬ ಒಂದು ಸಾಲನ್ನು ಸೇರಿಸಲಿ. ಅದಕ್ಕೆ ಎರಡೇ ಅಂಕಗಳಾದರೂ ಸರಿಯೆ.