ಸಂತೆಗೊಂದು ಮಾಡು ಬೇಕು

ಭರಣಿ ಮಳೆ ಬಿದ್ದ ಮೇಲೆ ನಮ್ಮ ಅರ್ಧ ಎಕರೆಯಲ್ಲಿ ಕೈಗೆ ಬಿಡುವಿಲ್ಲ. ಹೀರೆಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸಬೇಕು, ಬದನೆ ಸಸಿ ನೆಡಬೇಕು, ಕೊತ್ತಂಬರಿ ಬಿಸಿಲಿಗೆ ಹೂ ಬಿಡುವ ಮೊದಲೇ ಕೀಳಬೇಕು. ದಂಟು, ಹರಿವೆಯನ್ನು ಬೆಳಗಿನ ಜಾವ ಕಿತ್ತು, ನೀರು ಚಿಮುಕಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ವಾರದ ಸಂತೆಗೆ ಒಯ್ಯುತ್ತೇನೆ. ಕಿತ್ತ ಸೊಪ್ಪೂ ಉಸಿರಾಡುತ್ತದೆ. ಬಿಸಿಲೇರಿದಷ್ಟೂ ಬೇಗ ನೀರು ಕಳೆದುಕೊಳ್ಳುತ್ತದೆ. ಹನ್ನೊಂದಕ್ಕೆಲ್ಲ ಬಾಡಿದ ಕಟ್ಟನ್ನು ಗಿರಾಕಿಗಳು ಅರ್ಧ ಬೆಲೆಗೆ ಕೇಳುತ್ತಾರೆ. ಅವರದು ತಪ್ಪಲ್ಲ.

ಬುಟ್ಟಿಗಿಷ್ಟೆಂದು ಸುಂಕ ವಸೂಲಿ ಮಾಡುವವರು ಮೈದಾನಕ್ಕೊಂದು ಮಾಡು ಹಾಕಿಸಿಲ್ಲ. ಕೋಲಾರದ ಟೊಮೆಟೊ ಮಾರುಕಟ್ಟೆಯಂಥ ಕಡೆ ಶೀತಲ ಗೋದಾಮು ಬೇಕು, ಒಪ್ಪುತ್ತೇನೆ. ಬುಟ್ಟಿ ಹೊತ್ತು ಬರುವ ನಮಗೆ ಮೊದಲು ಬೇಕಾದದ್ದು ಕಾಯುವ ತಗಡಲ್ಲ, ಎತ್ತರದ ಹೆಂಚಿನ ಮಾಡು, ಪಕ್ಕದಲ್ಲೊಂದು ನಲ್ಲಿ. ಮುಂದಿನ ಬೇಸಿಗೆಯೊಳಗೆ ಸುಂಕದ ಹಣದಲ್ಲೇ ಪಂಚಾಯಿತಿಗಳು ಇದನ್ನು ಕಟ್ಟಿಸಲಿ.