ಇ-ಬೈಕ್ ಕೊಳ್ಳುವ ಮುನ್ನ ಒಮ್ಮೆ ಎತ್ತಿ ನೋಡಿ

‘ಬೈಕ್ ತಗೊಂಡ್ವಿ’ ಎಂದು ವಿಡಿಯೊ ಕಾಲ್‌ನಲ್ಲಿ ಹೇಳಿದಾಗ ದಾವಣಗೆರೆಯಲ್ಲಿರುವ ಅಮ್ಮ ಮೊದಲು ಕೇಳಿದ್ದು, ‘ಮೈಲೇಜ್ ಎಷ್ಟು ಕೊಡುತ್ತೆ?’ ಮೊಬೈಲ್ ತಿರುಗಿಸಿ ತೋರಿಸಿದೆವು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, ‘ಅಷ್ಟು ದೂರ ಹೋಗಿ ಸೈಕಲ್ ತಗಂಡ್ರಾ?’ ಎಂದರು.

ಅವರ ಬೇಸರ ನಮಗೆ ಅರ್ಥವಾಗುತ್ತದೆ. ಊರಿನಲ್ಲಿ ಇ-ಬೈಕ್ ಎಂದರೆ ಎಲೆಕ್ಟ್ರಿಕ್ ಸ್ಕೂಟರ್. ಬ್ರಿಟನ್ನಿನಲ್ಲಿ ಅದು ಪೆಡಲ್ ತುಳಿದಾಗ ಮೋಟಾರು ನೆರವಿಗೆ ಬರುವ ಸೈಕಲ್. ಇಲ್ಲಿ ಕೆಲಸಕ್ಕೆ ಹೋಗಿಬರುವ ನಮ್ಮಂಥವರಿಗೆ ಅದು ಶೋಕಿಯಲ್ಲ, ಅಗತ್ಯ. ಆದರೆ ಯಾವುದನ್ನು ಕೊಳ್ಳಬೇಕು ಎನ್ನುವಲ್ಲಿ ನಾವು ಒಮ್ಮೆ ಎಡವಿದ್ದೇವೆ. ಇನ್ನೊಬ್ಬರು ಎಡವದಿರಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಮನೆ ಲಂಡನ್ನಿನ ಹ್ಯಾರೋದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿದೆ. ನಮ್ಮಲ್ಲಿ ಒಬ್ಬರು ಆಸ್ಪತ್ರೆಯಲ್ಲಿ ನರ್ಸ್, ಬೆಳಿಗ್ಗೆ ಏಳೂವರೆಗೆ ಪಾಳಿ ಶುರು. ದಾರಿ 8 ಕಿಲೊಮೀಟರ್, ಎರಡು ಬಸ್ ಬದಲಿಸಬೇಕು. ಕಾರು ಇಟ್ಟುಕೊಂಡರೆ ವಿಮೆ, ಪಾರ್ಕಿಂಗ್ ಎಂದು ಊರಿಗೆ ಕಳಿಸುವ ಹಣವೆಲ್ಲ ಅಲ್ಲಿಗೇ ಹೋಗುತ್ತದೆ. ಹಾಗಾಗಿ ದೊಡ್ಡ ಬ್ಯಾಟರಿ, ದಪ್ಪ ಟೈರುಗಳಿದ್ದ ಇ-ಬೈಕ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆವು. ತೂಕ 25 ಕೆ.ಜಿ. ಅಂದರೆ ಒಂದು ಅಕ್ಕಿ ಮೂಟೆ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಬಂದ ಮೇಲೆ ಆ ಮೂಟೆಯನ್ನು ಎರಡು ಮಹಡಿ ಹತ್ತಿಸಬೇಕು. ವಾರದಲ್ಲೇ ಸೊಂಟ ಹಿಡಿಯಿತು. ಕೆಳಗಿನ ಓಣಿಯಲ್ಲಿ ನಿಲ್ಲಿಸಿದರೆ, ‘ಬೆಂಕಿ ಬಿದ್ದರೆ ಜನ ಓಡುವ ದಾರಿ ಇದು’ ಎಂದು ಮನೆ ಮಾಲೀಕರ ಪತ್ರ ಬಂತು. ಅವರು ಹೇಳಿದ್ದು ಸರಿಯೇ ಇತ್ತು. ಮೂರು ತಿಂಗಳಿಗೆ ಮಾರಿಬಿಟ್ಟೆವು.

ಅಂದಿನಿಂದ ನಮ್ಮ ಅಭಿಪ್ರಾಯ ಇದು: ಇ-ಬೈಕ್‌ನಲ್ಲಿ ಮೊದಲು ನೋಡಬೇಕಾದ್ದು ತೂಕ. ಏಕೆಂದರೆ ಶಕ್ತಿಯ ವಿಷಯದಲ್ಲಿ ಇಲ್ಲಿನ ಕಾನೂನು ಎಲ್ಲ ಇ-ಬೈಕ್‌ಗಳಿಗೂ ಒಂದೇ ಮಿತಿ ಹಾಕಿದೆ. ಮೋಟಾರು 250 ವ್ಯಾಟ್ ಮೀರುವಂತಿಲ್ಲ. ವೇಗ ಗಂಟೆಗೆ 15.5 ಮೈಲಿ, ಅಂದರೆ ಸುಮಾರು 25 ಕಿ.ಮೀ. ತಲುಪುತ್ತಲೇ ಅದರ ನೆರವು ನಿಲ್ಲಬೇಕು. ಇಷ್ಟಿದ್ದರೆ 14 ವರ್ಷ ದಾಟಿದ ಯಾರೇ ಆಗಲಿ ಲೈಸೆನ್ಸ್, ತೆರಿಗೆ, ವಿಮೆ ಇಲ್ಲದೆ ಓಡಿಸಬಹುದು. ಭಾರದ ಗಾಡಿ ಕೊಂಡ ಮಾತ್ರಕ್ಕೆ ಬೇಗ ತಲುಪುವುದಿಲ್ಲ. ದಾರಿಯಲ್ಲಿ ಬ್ಯಾಟರಿ ಮುಗಿದರೆ ಹ್ಯಾರೋ ಗುಡ್ಡದ ಏರಿನಲ್ಲಿ ಆ ಭಾರವನ್ನೆಲ್ಲ ನಮ್ಮ ಕಾಲೇ ಎಳೆಯಬೇಕು.

ಈಗ ನಮ್ಮಲ್ಲಿರುವುದು 16 ಕೆ.ಜಿ. ಗಾಡಿ. ಹಗುರ ಎಂದರೆ ಬ್ಯಾಟರಿಯೂ ಚಿಕ್ಕದು. 36 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 250 ವ್ಯಾಟ್-ಅವರ್ ವಿದ್ಯುತ್ ಇರುತ್ತದೆ. ಮಿತವಾದ ನೆರವಿನಲ್ಲಿ ಓಡಿಸಿದರೆ ನಮಗೆ 30 ಕಿ.ಮೀ. ಸಿಗುತ್ತದೆ, ಚಳಿಗಾಲದಲ್ಲಿ ಅದಕ್ಕಿಂತ ಕಡಿಮೆ. ಹೋಗಿಬರಲು ಬೇಕಿರುವುದು 16. ಎಂದೂ ಹೋಗದ ದೂರಕ್ಕೆಂದು ದಿನವೂ ಭಾರ ಹೊರುವುದೇಕೆ?

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇನ್ನೂ ಇವೆ. ಬ್ಯಾಟರಿ ಬಿಚ್ಚಲು ಬರುತ್ತದೆಯೇ? ಹಲವು ಹಗುರ ಮಾದರಿಗಳಲ್ಲಿ ಅದು ಚೌಕಟ್ಟಿನ ಒಳಗೇ ಇರುತ್ತದೆ. ಚಾರ್ಜ್ ಮಾಡಲು ಇಡೀ ಗಾಡಿಯನ್ನೇ ಮನೆಯೊಳಗೆ ತರಬೇಕು. ಜಾಹೀರಾತಿನ ತೂಕದಲ್ಲಿ ಮಡ್‌ಗಾರ್ಡ್, ಕ್ಯಾರಿಯರ್, ದೀಪ ಸೇರಿವೆಯೇ? ಲಂಡನ್ನಿನ ಮಳೆಗೆ, ಊಟದ ಡಬ್ಬಿಗೆ ಇವು ಬೇಕೇ ಬೇಕು. ರೈಲಿನಲ್ಲೂ ಒಯ್ಯಬೇಕೆ? ಹಾಗಿದ್ದರೆ ಮಡಚುವಂಥದ್ದೇ ಆಗಬೇಕು. 2025ರ ಫೆಬ್ರುವರಿಯಲ್ಲಿ ನಮ್ಮ ಪಕ್ಕದ ರೇನರ್ಸ್ ಲೇನ್ ನಿಲ್ದಾಣದಲ್ಲಿ ಇ-ಬೈಕ್ ಒಂದಕ್ಕೆ ಬೆಂಕಿ ಹೊತ್ತಿಕೊಂಡಿತು. ಮಾರ್ಚ್ 31ರಿಂದ ಲಂಡನ್ನಿನ ಟ್ಯೂಬ್, ಎಲಿಜಬೆತ್ ಲೈನ್, ಓವರ್‌ಗ್ರೌಂಡ್ ರೈಲುಗಳಲ್ಲಿ ಮಡಚಲು ಬಾರದ ಇ-ಬೈಕ್‌ಗಳಿಗೆ ಪ್ರವೇಶವಿಲ್ಲ. ಕೊನೆಯದಾಗಿ, ಗಾಡಿಯನ್ನು ಅಲ್ಲೇ ಎತ್ತಿ ಹತ್ತು ಹೆಜ್ಜೆ ನಡೆದು ನೋಡಿ.

ಬೆಂಕಿಯ ವಿಷಯವನ್ನು ಊರಿನವರೂ ಗಮನವಿಟ್ಟು ಓದಬೇಕು. ಒಂದೇ ಮನೆಯಲ್ಲಿ ಐದಾರು ಮಂದಿ ಬಾಡಿಗೆ ಹಂಚಿಕೊಂಡಿರುವ ವಿದ್ಯಾರ್ಥಿಗಳು, ಹೊಸಬರು ದುಡ್ಡು ಉಳಿಸಲು ಹಳೆಯ ಸೈಕಲ್ಲಿಗೆ ಮೋಟಾರು ಕಿಟ್ ಹಾಕಿಸುತ್ತಾರೆ, ಆನ್‌ಲೈನ್‌ನಲ್ಲಿ ಅಗ್ಗದ ಬ್ಯಾಟರಿ ತರಿಸುತ್ತಾರೆ, ರಾತ್ರಿ ಬಾಗಿಲ ಬಳಿ ಚಾರ್ಜ್‌ಗೆ ಹಾಕಿ ಮಲಗುತ್ತಾರೆ. ಅವರ ಕಷ್ಟ ನಮಗೆ ಗೊತ್ತು. ಆದರೆ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕ್ಷಣಗಳಲ್ಲಿ ಕೋಣೆ ತುಂಬಾ ಬೆಂಕಿ, ವಿಷದ ಹೊಗೆ. ಓಡುವ ದಾರಿಯಲ್ಲೇ ಅದಿದ್ದರೆ ಹೊರಬರುವುದು ಹೇಗೆ? ಮಲಗಿರುವಾಗ ಚಾರ್ಜ್ ಬೇಡ, ಗಾಡಿಯ ಜತೆ ಬಂದ ಚಾರ್ಜರನ್ನೇ ಬಳಸಿ, ಹೊರಹೋಗುವ ದಾರಿಯಲ್ಲಿ ಇಡಬೇಡಿ ಎಂದು ಲಂಡನ್ ಅಗ್ನಿಶಾಮಕ ದಳ ಮತ್ತೆ ಮತ್ತೆ ಹೇಳುತ್ತಿದೆ. ಊರಿನಿಂದ ಬರುವವರ ಕೈಯಲ್ಲಿ ಬ್ಯಾಟರಿ ತರಿಸುವ ಯೋಚನೆಯೂ ಬೇಡ. 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲ.

ಹಗುರ ಗಾಡಿ ಅಗ್ಗವಲ್ಲ ನಿಜ. 2,000 ಪೌಂಡ್ ಎಂದರೆ ಎರಡು ಲಕ್ಷ ರೂಪಾಯಿಗೂ ಹೆಚ್ಚು. ‘ಸೈಕಲ್ ಟು ವರ್ಕ್’ ಯೋಜನೆಯಲ್ಲಿ ತೆರಿಗೆಗೆ ಮುಂಚಿನ ಸಂಬಳದಿಂದ ಕಂತು ಕಡಿತವಾಗುವುದರಿಂದ ಕಾಲುಭಾಗಕ್ಕಿಂತ ಹೆಚ್ಚು ಉಳಿಯುತ್ತದೆ. ಆದರೆ ಕಡಿತದ ನಂತರದ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯಬಾರದು ಎಂಬ ನಿಯಮವಿದೆ. ಹಾಗಾಗಿ ವೃದ್ಧರ ಆರೈಕೆಯಂಥ ಕೆಲಸದಲ್ಲಿರುವ, ಬಸ್ ಇಲ್ಲದ ಹೊತ್ತಿನಲ್ಲಿ ಮನೆ ಬಿಡುವ ಅನೇಕರಿಗೆ ಈ ಸೌಲಭ್ಯ ಸಿಗುವುದೇ ಇಲ್ಲ. ಯಾರಿಗೆ ಹೆಚ್ಚು ಬೇಕೋ ಅವರನ್ನೇ ಹೊರಗಿಡುವ ಯೋಜನೆ ಬದಲಾಗಬೇಕು. ಅಲ್ಲಿಯವರೆಗೆ ಇಲ್ಲಿನ ಕನ್ನಡ ಸಂಘಗಳಾದರೂ ರಾಜ್ಯೋತ್ಸವಕ್ಕೆ ಸೇರಿದಾಗ ಅರ್ಧ ಗಂಟೆ ಇದಕ್ಕೆ ಕೊಡಲಿ. ಇ-ಬೈಕ್ ಇರುವವರು ತಂದು ತೋರಿಸಲಿ, ಹೊಸಬರು ಎತ್ತಿ ನೋಡಲಿ.

ಮನೆಯವರಿಗೂ ಒಂದು ಮಾತು. ಮಗನೋ ಮಗಳೋ ಸೈಕಲ್ ಕೊಂಡರೆ ಅವರ ಕೈ ಸಾಗುತ್ತಿಲ್ಲ ಎಂದು ನೊಂದುಕೊಳ್ಳಬೇಡಿ. ನಮ್ಮಮ್ಮ ಈಗ ಮೈಲೇಜ್ ಕೇಳುವುದಿಲ್ಲ. ‘ಮಳೆ ಬರ್ತಿದೆಯಾ, ಹೆಲ್ಮೆಟ್ ಹಾಕ್ಕಂಡಿದ್ರಾ?’ ಎನ್ನುತ್ತಾರೆ. ನೀವು ಇನ್ನೂ ಒಂದು ಪ್ರಶ್ನೆ ಸೇರಿಸಿ: ‘ಬ್ಯಾಟರಿ ಎಲ್ಲಿ ಚಾರ್ಜ್ ಮಾಡ್ತೀರಿ?’